ಪಿತ್ತಕೋಶದ ಆಪರೇಷನ್

ನನ್ನ ಕೆಲಸ ದ್ವೀಪಗಳ ವರದಿ ತಿದ್ದುವುದು. ಪೆಸಿಫಿಕ್‌ನಲ್ಲೋ ಹಿಂದೂ ಮಹಾಸಾಗರದಲ್ಲೋ ಇರುವ ಸಣ್ಣಪುಟ್ಟ ದೇಶಗಳಲ್ಲಿ ಹೆಂಗಸರು ಎಷ್ಟು ಮಕ್ಕಳು ಸಾಕು ಅಂದುಕೊಂಡಿದ್ದಾರೆ, ಎಷ್ಟು ಹೆರುತ್ತಿದ್ದಾರೆ, ಇವೆರಡೂ ಯಾಕೆ ಹೊಂದುತ್ತಿಲ್ಲ ಎಂದು ಬರೆದು ಕಳಿಸುವವರ ಇಂಗ್ಲಿಷನ್ನು ಮಲಯ್ ನಾಡಿನ ರಾಜಧಾನಿಯಲ್ಲಿ, ಬಾಂಗ್ಸಾರ್‌ನ ಒಂದು ಕಚೇರಿಯಲ್ಲಿ ಕುಳಿತು ನೆಟ್ಟಗೆ ಮಾಡುತ್ತೇನೆ. ಆ ದ್ವೀಪಗಳಲ್ಲಿ ಒಂದನ್ನೂ ನಾನು ನೋಡಿಲ್ಲ. ದ್ವೀಪ ಅಂತ ನೋಡಿರುವುದು ಪೆನಾಂಗ್ ಒಂದನ್ನೇ. ಅಲ್ಲಿಗೂ ಸೇತುವೆಯ ಮೇಲೆ ಕಾರಿನಲ್ಲಿ ಹೋಗಿದ್ದೆವು.

ಈ ದೇಶಗಳ ಸರ್ಕಾರಗಳಿಗೆ ಜನಸಂಖ್ಯೆಯದೇ ಒಂದು ತಲೆಬಿಸಿ. ಒಬ್ಬ ಮಂತ್ರಿ ಬಂದು, ಇರುವ ಜಾಗ ಸಾಲದು, ಸಮುದ್ರ ಬೇರೆ ಒಳಗೆ ಬರುತ್ತಿದೆ, ಹೆರಿಗೆ ಕಡಿಮೆಯಾಗಲಿ ಅನ್ನುತ್ತಾನೆ. ಅವನ ನಂತರ ಬಂದವನು, ಇರುವವರೆಲ್ಲ ವಿಮಾನ ಹತ್ತಿ ಹೋಗುತ್ತಿದ್ದಾರೆ, ಶಾಲೆಗಳು ಮುಚ್ಚುತ್ತಿವೆ, ಹೆರಿಗೆ ಜಾಸ್ತಿಯಾಗಲಿ ಅನ್ನುತ್ತಾನೆ. ಎರಡೂ ಬಗೆಯ ನೀತಿಗಳಿಗೆ ನಾನು ಅಲ್ಪವಿರಾಮ ಹಾಕಿಕೊಟ್ಟಿದ್ದೇನೆ. ಎರಡರಲ್ಲೂ ಹೆಂಗಸರನ್ನು ಪಾಲುದಾರರು ಎಂದು ಕರೆದಿರುತ್ತಾರೆ. ನೀತಿ ಯಾವುದೇ ಇರಲಿ, ಸರಕಿನ ದೋಣಿ ತಡವಾದರೆ ಪಾಲುದಾರರಿಗೆ ಮಾತ್ರೆಯೂ ಇಲ್ಲ, ಇಂಜೆಕ್ಷನ್ನೂ ಇಲ್ಲ.

ಒಮ್ಮೆ ಸಹೋದ್ಯೋಗಿಯೊಬ್ಬರು ಅಂಥದೊಂದು ದ್ವೀಪಕ್ಕೆ ಹೋಗಿ ಬಂದು ಟಿಪ್ಪಣಿ ಬರೆದಿದ್ದರು. ಅಲ್ಲಿಯ ಆರೋಗ್ಯ ಕೇಂದ್ರದ ಬಾಗಿಲು ಚರ್ಚಿನ ಅಂಗಳಕ್ಕೆ ಎದುರಾಗಿದೆ. ಇರುವ ಒಬ್ಬಳೇ ನರ್ಸ್ ಊರಿನ ಅರ್ಧ ಜನಕ್ಕೆ ಅತ್ತೆ, ಉಳಿದರ್ಧಕ್ಕೆ ಚಿಕ್ಕಮ್ಮ. ದೋಣಿ ಬಂದ ವಾರ ಹೆಂಗಸರಲ್ಲಿ ವಿಪರೀತ ತಲೆನೋವು ಕಾಣಿಸಿಕೊಳ್ಳುತ್ತದೆ. ಆದ್ದರಿಂದ ತಲೆನೋವಿನ ಮಾತ್ರೆಗಳನ್ನು ಹೆಚ್ಚು ಕಳಿಸತಕ್ಕದ್ದು. ನಾನು ಕಾಗುಣಿತ ನೋಡಿ ಮುಂದೆ ಕಳಿಸಿದೆ. ಮಾತ್ರೆ ಹೋಯಿತು.

ಇನ್ನು ನನ್ನ ಸಂಸಾರ. ನಾನು ಮೈಸೂರಿನವಳು, ಗಂಡ ಮಂಗಳೂರಿನವರು, ಇಬ್ಬರೂ ಕ್ಯಾಥೊಲಿಕರು. ಸುಬಾಂಗ್ ಜಯಾದಲ್ಲಿ ಮನೆ, ಇಬ್ಬರು ಹೆಣ್ಣುಮಕ್ಕಳು. ಸುಬಾಂಗ್ ಮತ್ತು ಪುಚೊಂಗ್‌ನಲ್ಲಿರುವ ನಮ್ಮ ಕಡೆಯ ಕುಟುಂಬಗಳದ್ದು ಒಂದು ಪ್ರಾರ್ಥನಾ ಕೂಟವಿದೆ. ಶುಕ್ರವಾರ ಸಂಜೆ ಸರದಿಯ ಪ್ರಕಾರ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ. ಮಂಗಳೂರಿನವರ ಕೊಂಕಣಿ ಬೆಂಗಳೂರಿನವರಿಗೆ ಅರ್ಥವಾಗುವುದಿಲ್ಲ. ಹಾಗಾಗಿ ದೇವರ ಹತ್ತಿರ ಇಂಗ್ಲಿಷ್, ಊಟದ ಹತ್ತಿರ ಕನ್ನಡ ಎಂದು ಒಪ್ಪಂದವಾಗಿದೆ. ಜಪಸರ ಮುಗಿದ ಮೇಲೆ ಒಬ್ಬೊಬ್ಬರೂ ತಮ್ಮ ಕೋರಿಕೆಯನ್ನು ಗಟ್ಟಿಯಾಗಿ ಹೇಳುತ್ತಾರೆ. ಮಗನ ಪರೀಕ್ಷೆ, ವೀಸಾ ನವೀಕರಣ, ಅಮ್ಮನ ಮೊಣಕಾಲು. ಎಲ್ಲರೂ ಸೇರಿ ಆಮೆನ್ ಅನ್ನುತ್ತೇವೆ. ಹೀಗೆ ದೇವರ ನೆಪದಲ್ಲಿ ಎಲ್ಲರ ಮನೆಯ ಸುದ್ದಿಯೂ ಎಲ್ಲರಿಗೂ ತಲುಪುತ್ತದೆ.

ನಮ್ಮ ಎರಡನೆಯ ಮಗಳು ಚರ್ಚಿನ ದಂಪತಿ ತರಗತಿಯಲ್ಲಿ ಕೊಟ್ಟ ಚಾರ್ಟಿನ ಕೊಡುಗೆ. ಅದರಲ್ಲಿ ಬಸಿರಿನ ಭಯವಿಲ್ಲದ ದಿನಗಳಿಗೆ ಹಸಿರು ಬಣ್ಣ ತುಂಬಬೇಕಿತ್ತು. ನನ್ನ ಗಂಡ ಶ್ರದ್ಧೆಯಿಂದ ತುಂಬಿದ್ದರು. ಅವಳು ಹಸಿರಿನಲ್ಲೇ ಬಂದಳು. ಮೊದಲನೆಯದು ಸಿಸೇರಿಯನ್ ಆಗಿತ್ತು. ಎರಡನೆಯ ಸಲ ಮಗುವಿನ ಹಿಂದೆ ಬರಬೇಕಾದ ಕಸ ಆ ಹಳೆಯ ಗಾಯಕ್ಕೇ ಬೇರು ಬಿಟ್ಟಿತ್ತು, ಬಿಡಿಸುವಾಗ ರಕ್ತ ನಿಲ್ಲಲಿಲ್ಲ. ನನಗೆ ನೆನಪಿರುವುದು ಮೇಲಿನ ದೀಪ ಮತ್ತು ಚಳಿ. ಹೊರಗೆ ಕೂತಿದ್ದ ಗಂಡನಿಗೆ ಅದಕ್ಕಿಂತ ಹೆಚ್ಚು ನೆನಪಿದೆ. ಆದರೆ ಅವರು ಹೇಳುವುದಿಲ್ಲ.

ನನ್ನ ಡಾಕ್ಟರು ಇಲ್ಲೇ ಹುಟ್ಟಿ ಬೆಳೆದ ತಮಿಳು ಹೆಂಗಸು. ಮೈಸೂರಿನವಳಾದ ನನಗೆ ತಮಿಳು ತಿಳಿಯುತ್ತದೆ ಎಂದು ಗೊತ್ತಾದ ಮೇಲೆ ಅರ್ಧ ತಮಿಳಿನಲ್ಲಿ, ಉಳಿದರ್ಧ ಇಲ್ಲಿಯವರ ‘ಲಾ’ ಸೇರಿಸಿದ ಇಂಗ್ಲಿಷಿನಲ್ಲಿ ಗದರುತ್ತಾರೆ. ಮಗುವಿಗೆ ಒಂದು ವರ್ಷ ತುಂಬಿದಾಗ ಕೂರಿಸಿಕೊಂಡು, ಮೂರನೆಯದು ಬೇಡ ಅಂದರು.

"ಮೂಣಾವದು ವೇಂಡಾಂ. ನೆಕ್ಸ್ಟ್ ಟೈಮ್ ಐ ಕಾಂಟ್ ಪ್ರಾಮಿಸ್ ಲಾ."

"ಮಗೂನಾ ಡಾಕ್ಟರ್?" ಎಂದು ಕೇಳಿದೆ.

"ನೋ ಲಾ. ಯೂ."

ರಕ್ತದೊತ್ತಡ ಇದ್ದುದರಿಂದ ಮಾತ್ರೆ ಆಗುವುದಿಲ್ಲ. ಕಾಪರ್ ಟಿ ಹಾಕಿಸಿಕೊಂಡು, ಸ್ರಾವ ತಡೆಯಲಾರದೆ ತೆಗೆಸಿದ್ದಾಗಿತ್ತು. ಉಳಿದದ್ದು ಆಪರೇಷನ್. ಅದಕ್ಕೆ ಒಂದು ಫಾರಂ, ಫಾರಂನಲ್ಲಿ ಗಂಡನ ಸಹಿಗೆ ಜಾಗ. ಇದು ಕಾನೂನೇ ಎಂದು ಕೇಳಿದೆ. ಕಾನೂನಲ್ಲ, ಆಸ್ಪತ್ರೆಯ ಪದ್ಧತಿ ಅಂದರು. ಪತಿಯ ಒಪ್ಪಿಗೆ ಕಾನೂನಿನಲ್ಲಿ ಇಲ್ಲದಿದ್ದರೂ ರೂಢಿಯಲ್ಲಿದೆ ಎಂಬ ವಾಕ್ಯವನ್ನು ನಾನು ಬೇರೆ ಬೇರೆ ದ್ವೀಪಗಳ ಬಗ್ಗೆ ಎಷ್ಟೋ ಸಲ ತಿದ್ದಿದ್ದೆ. ವಾಕ್ಯ ಸರಿಯಾಗಿಯೇ ಇತ್ತು.

ನನ್ನ ಗಂಡ ಕಟ್ಟಡಗಳಿಗೆ ಬೆಂಕಿ ಬೀಳದಂತೆ ನೋಡಿಕೊಳ್ಳುವ ಎಂಜಿನಿಯರ್. ಯಾವ ಹೋಟೆಲಿಗೆ ಹೋದರೂ ತುರ್ತು ಬಾಗಿಲು ಎಲ್ಲಿದೆ ಎಂದು ನೋಡಿಯೇ ಕೂರುವ ಮನುಷ್ಯ. ಭಾನುವಾರ ಪೂಜೆಯಲ್ಲಿ ನಿಂತು ಬೈಬಲ್ ಪಾಠ ಓದುವವರೂ ಅವರೇ. ಫಾರಂ ಕೊಟ್ಟಾಗ ಎರಡು ಸಲ ಓದಿ, ನೀಟಾಗಿ ಮಡಚಿ, ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಟ್ಟರು.

"ಯೋಚನೆ ಮಾಡುವಾ," ಅಂದರು.

"ಯೋಚನೆ ಮಾಡಕ್ಕೆ ಏನಿದೆ ರೀ?"

"ಎಂತ ಇಲ್ಲ ಅಂತಲ್ಲ. ಇದು ತಪ್ಪು ಅಂತಲೇ ಅಲ್ವಾ ನಮಗೆ ಕಲಿಸಿದ್ದು. ಸ್ವಲ್ಪ ಟೈಮ್ ಕೊಡು ಮಾರಾಯ್ತಿ."

ಕೊಟ್ಟೆ. ಫಾರಂ ದಿನಾ ಅವರ ಜತೆ ಆಫೀಸಿಗೆ ಹೋಗಿ ಬರತೊಡಗಿತು. ಈ ನಡುವೆ ನಾವು ಅಣ್ಣ ತಂಗಿಯರ ಹಾಗೆ ಬಾಳಿದೆವು ಎಂದರೆ ಸುಳ್ಳಾಗುತ್ತದೆ. ಮದುವೆಯಾದವರು ಹೇಗೆ ಬಾಳುತ್ತಾರೋ ಹಾಗೆ, ಹೆದರಿಕೊಂಡು ಬಾಳಿದೆವು.

ಒಂದು ತಿಂಗಳು ನನ್ನ ಮುಟ್ಟು ತಡವಾಯಿತು. ಕಾಯ್ದೆ. ಇನ್ನೂ ಕಾಯ್ದೆ. ಆಮೇಲೆ ಒಂದು ಮಧ್ಯಾಹ್ನ ಮನೆಯ ಹತ್ತಿರದ ಮಾಲ್‌ಗೆ ಹೋಗಿ, ಔಷಧಿ ಅಂಗಡಿಯಲ್ಲಿ ಪರೀಕ್ಷೆಯ ಕಡ್ಡಿ ಕೊಂಡು, ಅಲ್ಲಿಯ ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡು ಕೂತೆ. ಪಕ್ಕದ ಕೋಣೆಯಲ್ಲಿ ಯಾರೋ ಫೋನಿನಲ್ಲಿ ಊಟಕ್ಕೆ ಏನು ತಪಾವ್ ಮಾಡಿ, ಅಂದರೆ ಕಟ್ಟಿಸಿಕೊಂಡು, ತರಲಿ ಎಂದು ಮಲಯ್‌ನಲ್ಲಿ ವಿಚಾರಿಸುತ್ತಿದ್ದಳು. ನನಗೆ ಸಾಯುವ ಭಯವಾಯಿತು. ದೊಡ್ಡ ದೊಡ್ಡ ಯೋಚನೆ ಯಾವುದೂ ಬರಲಿಲ್ಲ. ಸಣ್ಣವಳಿಗೆ ಇನ್ನೂ ಅನ್ನ ಮಿದ್ದು ತಿನ್ನಿಸಬೇಕು, ಅದು ಇವರಿಗೆ ಸರಿಯಾಗಿ ಬರುವುದಿಲ್ಲ, ಗಂಟು ಬಿಡುತ್ತಾರೆ, ಅಷ್ಟೇ. ಕಡ್ಡಿಯಲ್ಲಿ ಒಂದೇ ಗೆರೆ ಬಂತು. ಇಲ್ಲ ಎಂದರ್ಥ. ಫುಡ್ ಕೋರ್ಟಿಗೆ ಬಂದು ಗಂಡನಿಗೆ ಫೋನ್ ಮಾಡಿ, ಎಲ್ಲ ಹೇಳಿ, ಅತ್ತೆ. ಎದುರಿನ ಮೇಜಿನವರು ಟಿಶ್ಯೂ ಪೊಟ್ಟಣ ಸರಿಸಿದರು.

ಆ ಸಂಜೆ ನನ್ನ ಗಂಡ ಫಾರಂ ಕಾರಿನಿಂದ ತಂದು ಊಟದ ಮೇಜಿನ ಮೇಲಿಟ್ಟರು. "ಸೈನ್ ಮಾಡ್ತೇನೆ. ಆದ್ರೆ ಒಂದು ಸಲ ಪ್ರಾರ್ಥನೆ ಮಾಡ್ಸಿ ಆಮೇಲೆ ಮಾಡುವಾ," ಅಂದರು. ನಾನು ಆಗಲಿ ಅಂದೆ. ಮನಸ್ಸಿನಲ್ಲೇ ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಮಾಡಿಸುವುದು ಎಂಬ ಮಾತನ್ನು ನಾನು ಗಮನಿಸಬೇಕಿತ್ತು.

ಆ ಶುಕ್ರವಾರ ಪುಚೊಂಗ್‌ನ ಒಂದು ಮನೆಯಲ್ಲಿ ಕೂಟ. ಕೋರಿಕೆಗಳ ಹೊತ್ತಿನಲ್ಲಿ ಒಂದು ವೀಸಾ, ಒಂದು ಕಾಲುನೋವು ಆದ ಮೇಲೆ ನನ್ನ ಗಂಡ ಗಂಟಲು ಸರಿಮಾಡಿಕೊಂಡು, ನನ್ನ ಹೆಂಡತಿಯ ಆಪರೇಷನ್ ಚೆನ್ನಾಗಿ ಆಗುವಂತೆ ಪ್ರಾರ್ಥಿಸೋಣ ಅಂದರು. ಎಲ್ಲರೂ ಆಮೆನ್ ಅಂದರು. ನಂತರ ಎಲ್ಲರೂ ನನ್ನ ಕಡೆ ತಿರುಗಿದರು.

ಊಟಕ್ಕೆ ತಟ್ಟೆ ಹಿಡಿಯುವ ಮೊದಲೇ ಪ್ರಶ್ನೆ ಬಂತು, ಯಾವ ಆಪರೇಷನ್? ಮಹಿಳೆಯರ ನಿರ್ಧಾರ ಸ್ವಾತಂತ್ರ್ಯದ ಬಗ್ಗೆ ವರ್ಷಾನುಗಟ್ಟಲೆ ತಿದ್ದಿಕೊಂಡು ಬಂದ ನಾನು, "ಗಾಲ್‌ಬ್ಲಾಡರ್," ಅಂದೆ. ಅದೇ ಯಾಕೆ ಎಂದರೆ ಗೊತ್ತಿಲ್ಲ. ಆ ಹೊತ್ತಿಗೆ ಕೈಗೆ ಸಿಕ್ಕ ಅಂಗ ಅದು. ನನ್ನ ಗಂಡ ಇನ್ನೂ ಯಾರೂ ಊಟ ಮಾಡಿರದಿದ್ದರೂ ಪಾತ್ರೆ ತೊಳೆಯಲು ಒಳಗೆ ಹೋದರು.

ಗಂಡಸರು ಕಲ್ಲಿನ ಬಗ್ಗೆ, ಎಣ್ಣೆಯ ಬಗ್ಗೆ, ಲೇಸರ್ ಬಗ್ಗೆ ಮಾತಾಡಿದರು. ಹೆಂಗಸರು ಮಾತ್ರ ಕಲ್ಲಿನ ಸುದ್ದಿಯನ್ನೇ ಎತ್ತಲಿಲ್ಲ. ಸಣ್ಣ ಮಗುವನ್ನು ಕೆಲವು ದಿನ ಎತ್ತಬೇಡ, ಸಡಿಲ ನೈಟಿ ತೊಗೊಂಡು ಹೋಗು ಅಂದರು. ಎಷ್ಟು ಅನುಭವಸ್ಥರು ಎಂದುಕೊಂಡೆ.

ಮರುದಿನದಿಂದ ಮನೆಗೆ ಊಟ ಬರತೊಡಗಿತು. ಪಿತ್ತಕೋಶದವರಿಗೆ ಎಣ್ಣೆ ಆಗದು ಎಂದು ನನಗೆ ಗಂಜಿ, ಉಪ್ಪಿಲ್ಲದ ಬೇಳೆ, ಇಡ್ಲಿ. ಪಾಪ ಇವರೇನು ಮಾಡಿದರು ಎಂದು ಗಂಡನಿಗೆ ಹಂದಿ ಮಾಂಸದ ಬಫಾತ್. ಅದನ್ನು ಅವರು ತಲೆ ತಗ್ಗಿಸಿ ತಿನ್ನುತ್ತಿದ್ದರು. ದೊಡ್ಡ ಮಗಳು ಕಲ್ಲುಗಳನ್ನು ಬಾಟಲಿಯಲ್ಲಿ ಹಾಕಿಸಿಕೊಂಡು ಬಾ, ಕ್ಲಾಸಿನಲ್ಲಿ ತೋರಿಸಬೇಕು ಎಂದು ಇಂಗ್ಲಿಷಿನಲ್ಲಿ ಅರ್ಜಿ ಹಾಕಿದಳು.

ಪುಚೊಂಗ್‌ನಿಂದ ಮೊಸರನ್ನ ತಂದವಳು ಕೂಟದಲ್ಲೇ ಚಿಕ್ಕವಳು. ಬೆಂಗಳೂರಿನ ಹುಡುಗಿ, ಮೂರು ಗಂಡುಮಕ್ಕಳು. ಒಬ್ಬ ಸೊಂಟದ ಮೇಲೆ, ಒಬ್ಬ ಕೈಯಲ್ಲಿ, ಒಬ್ಬ ನಮ್ಮ ಪರದೆಯಲ್ಲಿ ಸುತ್ತಿಕೊಂಡು. ಗಂಡ ಐಟಿಯವನು. ಒಂದಾದರೂ ಹುಡುಗಿ ಆಗಲಿ ಎಂದು ಅವನಿಗೆ ಆಸೆ, ಅದನ್ನು ಕೂಟದಲ್ಲಿ ಕೋರಿಕೆಯಾಗಿಯೂ ಹೇಳಿದ್ದ. ಹುಡುಗಿಯ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

"ಅಕ್ಕ, ನಿಮ್ಮ ಗಾಲ್‌ಬ್ಲಾಡರ್ ಡಾಕ್ಟರ್ ಲೇಡೀನಾ?" ಎಂದು ಕೇಳಿದಳು.

"ಹೌದು. ಯಾಕೆ?"

"ನಂಬರ್ ಕೊಡ್ತೀರಾ? ನಂಗೂ ಯಾಕೋ ಇಲ್ಲೇ ನೋವು ಬರತ್ತೆ." ಹೊಟ್ಟೆಯ ಮೇಲೆ ಎಲ್ಲೆಂದರಲ್ಲಿ ಕೈಯಾಡಿಸಿದಳು. ಇಷ್ಟು ಚಿಕ್ಕ ವಯಸ್ಸಿಗೆ ಕಲ್ಲು ಆಗಿದೆಯಲ್ಲ ಪಾಪ ಎಂದುಕೊಂಡು ನಂಬರ್ ಕೊಟ್ಟೆ.

ಅದರ ಮರುದಿನ ದೊಡ್ಡಾಂಟಿ ಬಂದರು. ಕೂಟಕ್ಕೆ ಅವರೇ ಹಿರಿಯರು. ಮಂಗಳೂರಿನಿಂದ ಮದುವೆಯಾಗಿ ಬಂದು ಇಲ್ಲೇ ಮುದುಕಿಯಾದವರು. ಗಂಡ ತೀರಿಕೊಂಡಿದ್ದಾರೆ, ಪುಚೊಂಗ್‌ನಲ್ಲಿ ಮಗನ ಜತೆ ಇದ್ದಾರೆ. ಒಳಗೆ ಬಂದು ಕೂತವರೇ ನನ್ನ ಗಂಡನಿಗೆ, "ಮಗಾ, ನನಗೆ ಮಾಮಾಕ್ ಅಂಗಡಿಯ ಚಾ ಬೇಕು. ತಪಾವ್ ಮಾಡಿ ತಾ. ಅವಸರ ಎಂತದೂ ಇಲ್ಲ," ಅಂದರು. ನನ್ನ ಗಂಡ ಹೋದ ಮೇಲೆ ದೊಡ್ಡಾಂಟಿ ನನ್ನ ಕಡೆ ತಿರುಗಿದರು.

"ಗಾಲ್‌ಬ್ಲಾಡರ್ ಎಲ್ಲಿ ಉಂಟು, ತೋರ್ಸು ನೋಡುವಾ."

ಎಡಗಡೆಯ ಪಕ್ಕೆಲುಬಿನ ಕೆಳಗೆ ಕೈಯಿಟ್ಟೆ. ದೊಡ್ಡಾಂಟಿ ನನ್ನ ಮಣಿಕಟ್ಟು ಹಿಡಿದು ಬಲಗಡೆಗೆ ಸರಿಸಿದರು.

"ಇಲ್ಲಿ. ನಾನೂ ಎಡಗಡೆ ತೋರ್ಸಿ ಅತ್ತೆಯ ಹತ್ರ ಸಿಕ್ಕಿಬಿದ್ದಿದ್ದೆ. ಮತ್ತೆ ಹೆಂಗಸ್ರಿಗೆ ಎಡಗಡೆ ಇರ್ತದೆ ಅಂತ ಹೇಳಿ ತಪ್ಪಿಸ್ಕೊಂಡೆ."

ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ದೊಡ್ಡಾಂಟಿ ತರಕಾರಿಯ ರೇಟು ಹೇಳುವ ಹಾಗೆ ಹೇಳುತ್ತಾ ಹೋದರು. ಗಂಜಿ ತಂದವಳದ್ದು ಆಗಿದೆ, ಇಡ್ಲಿ ತಂದವಳದ್ದು ಆಗಿದೆ. ಎಲ್ಲರದ್ದೂ ಗಾಲ್‌ಬ್ಲಾಡರ್ ಆಪರೇಷನ್, ಎಲ್ಲರ ಗಾಲ್‌ಬ್ಲಾಡರ್ ಒಳಗೇ ಉಂಟು.

"ಗಂಡಂದಿರ ಸಹಿ ಹೆಂಗ್ ಸಿಕ್ತು ಆಂಟಿ?"

"ಗಂಡಸ್ರು ಎಲ್ಲಿ ಓದ್ತಾರೆ ಮಾರಾಯ್ತಿ? ಬೆರಳಿಟ್ಟ ಕಡೆ ಸೈನ್ ಹಾಕ್ತಾರೆ. ನನ್ನವರು ಆಗ ಊರಲ್ಲಿ ಇರ್ಲಿಲ್ಲ. ಅವರದ್ದು ನಾನೇ ಹಾಕಿದೆ. ಅವರು ಹಾಕುವುದಕ್ಕಿಂತ ಚಂದ ಬಂದಿತ್ತು." ನನ್ನ ಮಣಿಕಟ್ಟು ಬಿಟ್ಟರು. "ನಾಲ್ಕು ಹೆತ್ತೆ. ಎರಡು ಉಳೀತು. ಇನ್ನು ನನ್ನಿಂದ ಆಗುವುದಿಲ್ಲ ಅಂತ ಯಾರ ಹತ್ರ ಹೇಳುವುದು? ಪಾಪ, ಅವರು ಸಾಯುವವರೆಗೂ ನನಗೆ ಎಣ್ಣೆ ತಿನ್ಲಿಕ್ಕೆ ಬಿಡ್ಲಿಲ್ಲ. ಮದುವೆ ಮನೆಯಲ್ಲಿ ನನ್ನ ತಟ್ಟೆಯಿಂದ ಕರಿದದ್ದನ್ನೆಲ್ಲ ಅವರೇ ತೆಗೀತಿದ್ರು."

ನಾನು ನಕ್ಕೆ. ಅವರು ನಗಲಿಲ್ಲ. ಅಷ್ಟರಲ್ಲಿ ಚಾ ಬಂತು. ದೊಡ್ಡಾಂಟಿ ಕಲ್ಲಿನ ಬಗ್ಗೆ ಎರಡು ಮಾತಾಡಿ, ಚಾ ಕುಡಿದು ಹೊರಟರು.

ಮರುದಿನ ಕಚೇರಿಯಲ್ಲಿ ಆ ದ್ವೀಪದ ತಲೆನೋವಿನ ಟಿಪ್ಪಣಿಯನ್ನು ಹುಡುಕಿ ತೆಗೆದೆ. ಮುಂದಿನ ದೋಣಿಯಲ್ಲಿ ತಲೆನೋವಿನ ಮಾತ್ರೆ ಕಡಿಮೆ ಮಾಡಿ, ಗರ್ಭ ತಡೆಯುವ ಇಂಜೆಕ್ಷನ್ ಹೆಚ್ಚು ಮಾಡಿ, ಕೇಂದ್ರಕ್ಕೆ ಹಿಂದಿನಿಂದ ಒಂದು ಬಾಗಿಲು ಇಡಿಸಿ ಎಂದು ಸಹೋದ್ಯೋಗಿಗೆ ಬರೆದೆ. ಇದಕ್ಕೆ ಆಧಾರವೇನು ಎಂದು ಅವರು ಸೌಜನ್ಯದಿಂದಲೇ ಕೇಳಿದರು. ಪುಚೊಂಗ್‌ನ ಗಾಲ್‌ಬ್ಲಾಡರ್‌ಗಳು ಎಂದು ಬರೆಯುವ ಹಾಗಿರಲಿಲ್ಲ. ಪರಿಶೀಲಿಸಿ ತಿಳಿಸುತ್ತೇನೆ ಎಂದು ಬರೆದೆ.

ಆಪರೇಷನ್‌ಗೆ ಮುಂಚಿನ ಶುಕ್ರವಾರ ಕೂಟ ನಮ್ಮ ಮನೆಯಲ್ಲಿತ್ತು. ಸಹಿ ಇನ್ನೂ ಆಗಿರಲಿಲ್ಲ. ಫಾರಂ ಫ್ರಿಜ್ಜಿನ ಮೇಲಿತ್ತು, ಅವರು ದಿನವಿಡೀ ಅದರ ಸುತ್ತ ಓಡಾಡಿದ್ದರು. ಜಪಸರ ಮುಗಿದು ಕೋರಿಕೆಗಳು ಶುರುವಾದವು. ಬೆಂಗಳೂರಿನ ಹುಡುಗಿಯ ಗಂಡ, ಒಳ್ಳೆಯ ಮನಸ್ಸಿನಿಂದಲೇ, ಈ ಮನೆಯ ಸಹೋದರಿಯ ಪಿತ್ತಕೋಶದ ಕಲ್ಲುಗಳು ಸುಲಭವಾಗಿ ಹೊರಬರಲಿ ಎಂದು ಬೇಡಿಕೊಂಡ. ಎಲ್ಲರೂ ಆಮೆನ್ ಅಂದರು. ನನ್ನ ಗಂಡ ಅನ್ನಲಿಲ್ಲ.

"ಕ್ಷಮಿಸಿ," ಅಂದರು, ದೇವರ ಹತ್ತಿರದ ಇಂಗ್ಲಿಷ್ ಬಿಟ್ಟು ಕನ್ನಡದಲ್ಲೇ. "ಅದು ಗಾಲ್‌ಬ್ಲಾಡರ್ ಅಲ್ಲ. ಇನ್ನು ಮಕ್ಕಳಾಗದ ಹಾಗೆ ಮಾಡುವ ಆಪರೇಷನ್. ಇನ್ನೊಂದು ಆದ್ರೆ ಇವಳು ಬದುಕುವುದು ಕಷ್ಟ ಅಂತ ಡಾಕ್ಟರ್ ಹೇಳಿದ್ದಾರೆ. ನಾನು ಸೈನ್ ಮಾಡ್ತಿದ್ದೇನೆ. ತಪ್ಪಾದ್ರೆ ಅದು ನನ್ನದು, ಇವಳದ್ದಲ್ಲ. ಜಪಸರ ಕೈಯಲ್ಲಿ ಹಿಡ್ಕೊಂಡು ಸುಳ್ಳು ಹೇಳ್ಲಿಕ್ಕೆ ನನ್ನಿಂದ ಆಗುವುದಿಲ್ಲ."

ನನಗೆ ಆಗ ಆ ಮನುಷ್ಯನ ಮೇಲೆ ಬಂದಷ್ಟು ಪ್ರೀತಿ ಮದುವೆಯ ದಿನವೂ ಬಂದಿರಲಿಲ್ಲ. ಎದುರಿಗಿದ್ದ ಮೇಣದಬತ್ತಿಯ ಸ್ಟ್ಯಾಂಡ್ ಎತ್ತಿ ಅವರ ತಲೆಗೆ ಹಾಕೋಣ ಎಂದೂ ಅನ್ನಿಸಿತು. ದೊಡ್ಡ ಮಗಳು, "ಸೋ, ನೋ ಸ್ಟೋನ್ಸ್?" ಎಂದು ಕೇಳಿದಳು.

ಗಂಡಸರ ಮುಖದಲ್ಲಿ ಏನೋ ಲೆಕ್ಕ ನಡೆಯುತ್ತಿತ್ತು. ಮೊದಲು ಒಬ್ಬರು ತಮ್ಮ ಹೆಂಡತಿಯ ಕಡೆ ತಿರುಗಿದರು, ಆಮೇಲೆ ಇನ್ನೊಬ್ಬರು. ಹೆಂಗಸರೆಲ್ಲ ಮೇಣದಬತ್ತಿಯನ್ನೇ ನೋಡುತ್ತಿದ್ದರು. ದೊಡ್ಡಾಂಟಿ ಗಟ್ಟಿ ದನಿಯಲ್ಲಿ ಸತ್ತವರಿಗಾಗಿ ಹೇಳುವ ಪ್ರಾರ್ಥನೆಯನ್ನು ಶುರು ಮಾಡಿಬಿಟ್ಟರು. ಅದಕ್ಕೆ ಅಲ್ಲಿ ಜಾಗವಿರಲಿಲ್ಲ, ಆದರೂ ಎಲ್ಲರೂ ಹಿಂದೆಯೇ ಹೇಳಿದರು.

ಅವತ್ತೇ, ಜನ ಹೋದ ಮೇಲೆ, ನನ್ನ ಗಂಡ ಫಾರಂ ಇಳಿಸಿ ಸಹಿ ಹಾಕಿದರು. ಆಪರೇಷನ್ ಸುಲಭವಾಗಿ ಆಯಿತು. ಎಚ್ಚರವಾದಾಗ ಅವರು ಪಕ್ಕದಲ್ಲಿ ಕೂತು, ಕೋಣೆಯ ಹೊಗೆ ಪತ್ತೆ ಮಾಡುವ ಯಂತ್ರ ಕೆಲಸ ಮಾಡುತ್ತಿದೆಯೇ ಎಂದು ನೋಡುತ್ತಿದ್ದರು. ನಾನು ಬದುಕುತ್ತೇನೆ ಎಂಬುದು ಆಗ ನನಗೆ ಖಾತ್ರಿಯಾಯಿತು. ಹೊಟ್ಟೆಯ ಹೊಲಿಗೆ ಎಳೆಯುತ್ತಿದ್ದರೂ ಖುಷಿಯಾಯಿತು. ಅದನ್ನು ಅವರಿಗೆ ಹೇಳಿದೆ ಕೂಡ.

ದೊಡ್ಡಾಂಟಿ ನೋಡಲು ಬಂದರು. ಈ ಸಲ ಯಾರ ಮನೆಯಿಂದಲೂ ಊಟ ಬಂದಿರಲಿಲ್ಲ.

"ನಿನ್ನ ಗಂಡ ಒಳ್ಳೆಯವನು," ಅಂದರು. "ಬೈಲಿಕ್ಕೂ ಆಗುವುದಿಲ್ಲ. ಈಗ ಎಂತ ಆಗಿದೆ ಗೊತ್ತುಂಟಾ? ಗಂಡಸ್ರೆಲ್ಲ ಫಾರಂ ಓದ್ಲಿಕ್ಕೆ ಶುರು ಮಾಡಿದ್ದಾರೆ."

ಹಳೆಯ ಆಪರೇಷನ್‌ಗಳ ಬಗ್ಗೆ ಯಾವ ಮನೆಯಲ್ಲಿ ಏನು ಮಾತಾಯಿತೋ ನನಗೆ ಗೊತ್ತಾಗಲಿಲ್ಲ. ಎರಡು ಕುಟುಂಬಗಳು ಕೂಟಕ್ಕೆ ಬರುವುದನ್ನು ನಿಲ್ಲಿಸಿದವು. ಒಬ್ಬಾಕೆ ಮಾಲ್‌ನಲ್ಲಿ ಎದುರಾದಾಗ ನನ್ನನ್ನು ನೋಡದ ಹಾಗೆ ಮೆಟ್ಟಿಲು ಹತ್ತಿ ಹೋದಳು. ಇತ್ತ ಕೆಲವು ಗಂಡಸರು ನನ್ನ ಗಂಡನ ಕೈ ಕುಲುಕಿ, ನಿಮ್ಮ ಧೈರ್ಯ ಮೆಚ್ಚಬೇಕು, ಗಂಡ ಹೆಂಡತಿ ನಡುವೆ ಮುಚ್ಚುಮರೆ ಇರಬಾರದು ಅಂದರು. ಇವರು ಸಂಕೋಚದಿಂದ ತಲೆಯಾಡಿಸಿದರು.

ಬೆಂಗಳೂರಿನ ಹುಡುಗಿಗೆ ಅದೇ ಡಾಕ್ಟರ ಹತ್ತಿರ ಸಮಯ ನಿಗದಿಯಾಗಿತ್ತು. ಗಂಡ ಆಫೀಸಿಗೆ ರಜೆ ಹಾಕಿ ಅವಳ ಜತೆಗೇ ಹೋದ ಎಂದು ಆಮೇಲೆ ತಿಳಿಯಿತು. ಫಾರಂ ಇಸಿದುಕೊಂಡು ಮೊದಲ ಸಾಲಿನಿಂದ ಕೊನೆಯವರೆಗೆ ಓದಿದನಂತೆ. ಕೂಗಾಡಲಿಲ್ಲ, ಏನಿಲ್ಲ. ಇಷ್ಟು ಅವಸರ ಯಾಕೆ, ಒಂದು ಹುಡುಗಿ ಆಗಲಿ, ಆಮೇಲೆ ನೋಡೋಣ ಎಂದು ಮೆಲ್ಲಗೆ ಹೇಳಿ, ಅವಳಿಗೆ ಊಟ ಕೊಡಿಸಿ ಮನೆಗೆ ಕರೆತಂದನಂತೆ.

ಕೆಲವು ತಿಂಗಳ ನಂತರ ಕೂಟ ಅವರ ಮನೆಯಲ್ಲೇ ಇತ್ತು. ಊಟವಾದ ಮೇಲೆ ನಾನು ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದೆ, ಅವಳು ಒರೆಸಿ ಇಡುತ್ತಿದ್ದಳು. ಕಿರಿಯವನು ಅವಳ ಕಾಲು ತಬ್ಬಿ ನಿಂತಿದ್ದ. ಹಾಲ್‌ನಲ್ಲಿ ಅವಳ ಗಂಡ ನನ್ನ ಗಂಡನಿಗೆ ಎರಡನೆಯ ಸಲ ಪಾಯಸ ಬಡಿಸುತ್ತಿದ್ದ.

"ಅಕ್ಕ," ಅಂದಳು, ಲೋಟದ ಒಳಗೆ ಬಟ್ಟೆ ತುರುಕುತ್ತಾ. "ನೀವು ಕೊಟ್ಟ ನಂಬರ್ ನನ್ನ ಫೋನಲ್ಲಿ ಇನ್ನೂ ಇದೆ. ಆ ಡಾಕ್ಟರ್ ಹೆರಿಗೇನೂ ಮಾಡಿಸ್ತಾರಾ?"

ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

"ಮಾಡಿಸ್ತಾರೆ," ಅಂದೆ. ಅವಳು ಮುಂದಿನ ಲೋಟಕ್ಕೆ ಕೈ ಚಾಚಿದಳು. ನಾನು ತೊಳೆದು ಕೊಟ್ಟೆ.